ಕೊನೆಯ ಸೀಟಿನ ಮೇಲಿನ ಕಾಯಿಲ್

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಪುತ್ತೂರಿನ ದರ್ಬೆಯ ನನ್ನ ಶೆಡ್ಡಿನ ಮುಂದೆ ಆ ಬಸ್ಸು ಬಂದು ನಿಂತಿತು. ಚಾಲಕ ಇಳಿದ ಕೂಡಲೇ ಏನಾಗಿದೆಯೆಂದು ಗೊತ್ತಾಯಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಎಸಿ ಬಸ್ಸಿನ ಚಾಲಕನ ಅಂಗಿ ಒದ್ದೆಯಾಗಿದ್ದರೆ ನನ್ನಂಥ ಎಸಿ ರಿಪೇರಿಯವನಿಗೆ ಬೇರೆ ರೋಗಲಕ್ಷಣ ಬೇಡ.

"ತಂಪು ಬರುದಿಲ್ಲ ಮಾರಾಯ್ರೆ. ಕುಂಬ್ರದಿಂದ ಈಚೆ ಬರೀ ಗಾಳಿ. ಜನ ನನ್ನನ್ನು ತಿಂದು ಹಾಕುದೊಂದು ಬಾಕಿ" ಎಂದ.

ಬಸ್ಸು ಸುಳ್ಯದ ಗೌಡರೊಬ್ಬರದು. ಬೆಳಿಗ್ಗೆ ಸುಳ್ಯದಿಂದ ಪುತ್ತೂರಿಗೆ ಬಂದು, ಅಲ್ಲಿಂದ ಕಡಬಕ್ಕೆ ಹೋಗಿ ಬಂದು, ಸಂಜೆ ಮತ್ತೆ ಸುಳ್ಯಕ್ಕೆ ಮರಳುತ್ತಿತ್ತು. ಇಂಥ ರಸ್ತೆಯಲ್ಲಿ ಎಸಿ ಬಸ್ಸು ಯಾರಿಗೆ ಬೇಕು ಎಂದು ನಕ್ಕವರೆಲ್ಲ ತಿಂಗಳೊಳಗೆ ಅದರಲ್ಲೇ ಸೀಟು ಹುಡುಕತೊಡಗಿದ್ದರು. ಪುತ್ತೂರಿನ ಆಸ್ಪತ್ರೆಗಳಿಗೆ ಬರುವ ರೋಗಿಗಳು, ಬಸುರಿಯರು, ಕೈಕೂಸು ಹಿಡಿದ ತಾಯಂದಿರು ಅದಕ್ಕಾಗಿಯೇ ಕಾದು ನಿಲ್ಲುತ್ತಿದ್ದರು. ಆದರೆ ಆ ಬಸ್ಸಿನ ಕಿಟಕಿಗಳಿಗೆ ತೆರೆಯಲಾಗದ ಗಾಜು. ಎಸಿ ಇದ್ದರೆ ಅರಮನೆ, ನಿಂತರೆ ಬೇಯಿಸುವ ಪಾತ್ರೆ.

ಇಂಥ ಸಣ್ಣ ಬಸ್ಸುಗಳಲ್ಲಿ ತಂಪು ಹುಟ್ಟುವ ತಾಮ್ರದ ಕೊಳವೆಗಳ ಗುಚ್ಛ, ಅಂದರೆ ನಾವು ಕಾಯಿಲ್ ಎನ್ನುವುದು, ಕೊನೆಯ ಸೀಟಿನ ಮೇಲೆ ಚಾವಣಿಗೆ ಅಂಟಿಸಿದ ಪೆಟ್ಟಿಗೆಯಲ್ಲಿರುತ್ತದೆ. ಪೆಟ್ಟಿಗೆಯ ತಳದಲ್ಲೊಂದು ಜಾಲರಿ. ಬಸ್ಸಿನೊಳಗಿನ ಗಾಳಿ ಅದರ ಮೂಲಕ ಮೇಲೆದ್ದು, ಕಾಯಿಲ್ ದಾಟಿ ತಣ್ಣಗಾಗಿ, ಎರಡು ಬದಿಯ ನಾಳಗಳಲ್ಲಿ ಹರಿದು ಪ್ರತಿ ಸೀಟಿನ ಮೇಲೂ ಇಳಿಯುತ್ತದೆ. ಕೊಳವೆಯೊಳಗೆ ಗ್ಯಾಸ್ ಇರುವವರೆಗೆ ಮಾತ್ರ ಈ ಸುಖ. ನಾನು ಗೇಜ್ ಹಚ್ಚಿ ನೋಡಿದೆ, ಗ್ಯಾಸ್ ಹೆಚ್ಚುಕಡಿಮೆ ಖಾಲಿಯಾಗಿತ್ತು.

ಗ್ಯಾಸ್ ಸುಮ್ಮನೆ ಖಾಲಿಯಾಗುವ ವಸ್ತುವಲ್ಲ. ಎಲ್ಲೋ ಸೋರಿರಬೇಕು. ಹಾಗೇ ತುಂಬಿಸಿ ಕಳಿಸುವ ರಿಪೇರಿಯವರೂ ಇದ್ದಾರೆ, ನಾನು ಆ ಜಾತಿಯವನಲ್ಲ. ಕೊಳವೆಗೆ ನೈಟ್ರೋಜನ್ ತುಂಬಿಸಿ, ಒತ್ತಡ ಏರಿಸಿ, ಸೋಪಿನ ನೊರೆ ಹಚ್ಚುತ್ತ ಹೋದೆ. ಬೆಸುಗೆಯ ಜಾಗಗಳಲ್ಲಿ ಏನೂ ಇಲ್ಲ. ಕೊನೆಗೆ ಕಾಯಿಲ್ ನಡುವೆ, ಕೊಳವೆಗಳಿಗೆ ಪೋಣಿಸಿದ ತೆಳು ಅಲ್ಯೂಮಿನಿಯಂ ಎಲೆಗಳ ಸಂದಿಯಲ್ಲಿ, ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ನಿಧಾನವಾಗಿ ಉಬ್ಬಿತು. ಎಲೆಗಳನ್ನು ಬಿಡಿಸಿ, ಆ ಜಾಗಕ್ಕೆ ಬೆಳ್ಳಿ ಕಡ್ಡಿಯ ಬೆಸುಗೆ ಹಾಕಿ, ಪಂಪಿನಿಂದ ಒಳಗಿನ ತೇವವನ್ನೆಲ್ಲ ಎಳೆದು ತೆಗೆದು, ಗ್ಯಾಸ್ ತುಂಬಿಸಿ ಕಳಿಸಿದೆ. ತಾಮ್ರದಲ್ಲೇ ದೋಷವಿದ್ದಿರಬಹುದು ಎಂದುಕೊಂಡೆ.

ಮಕರ ಸಂಕ್ರಮಣದ ಹೊತ್ತಿಗೆ ಬಸ್ಸು ಮತ್ತೆ ಬಂತು. ಮತ್ತೆ ಅದೇ ಕಾಯಿಲ್, ಬೇರೆ ಕೊಳವೆ, ಅಂಥದೇ ಗುಳ್ಳೆ. ಈ ಸಲ ಎಸಿ ಕಂಪನಿಯ ಎಂಜಿನಿಯರು ಬೆಂಗಳೂರಿನಿಂದ ಬಂದರು. ಒಳ್ಳೆಯ ಮನುಷ್ಯ, ಕೆಲಸ ಬಲ್ಲವರು. ಸುಳ್ಯದಿಂದ ಪುತ್ತೂರಿನವರೆಗೆ ಬಸ್ಸಿನಲ್ಲೇ ಕುಳಿತು ಬಂದು, ತಿರುವು, ಹಂಪು, ಹೊಂಡಗಳನ್ನೆಲ್ಲ ನೋಡಿ, "ಇದು ವೈಬ್ರೇಶನ್ ಸರ್. ಹಿಂದಿನ ಚಕ್ರದಿಂದಾಚೆ ಇರೋ ಭಾಗ ಜಾಸ್ತಿ ಕುಣಿಯುತ್ತೆ. ಡ್ರೈವರ್ ಸ್ವಲ್ಪ ಮೆತ್ತಗೆ ಓಡಿಸ್ಬೇಕು" ಎಂದರು.

ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕುಣಿತದಿಂದ ಒಡೆಯುವುದಾದರೆ ಬೆಸುಗೆಯ ಕುತ್ತಿಗೆಯಲ್ಲಿ ಬಿರುಕು ಬಿಡಬೇಕು, ನಟ್ಟನಡುವೆ ಸೂಜಿ ಚುಚ್ಚಿದ ಹಾಗೆ ತೂತು ಬೀಳುವುದಿಲ್ಲ. ಅವರಿಗೆ ಅದನ್ನೇ ಹೇಳಿದೆ. ಆದರೂ ಪೆಟ್ಟಿಗೆಯ ಕೆಳಗೆ ಹೊಸ ಕುಶನ್ನುಗಳನ್ನು ಕೂರಿಸಿದೆ, ಗಟ್ಟಿ ಪೈಪಿನ ಬದಲು ಬಳುಕುವ ಹೋಸು ಹಾಕಿದೆ. ಹತ್ತಿ ಇಳಿದು ನನ್ನ ಸೊಂಟ ಹೋಯಿತೇ ಹೊರತು ಸೋರಿಕೆ ಹೋಗಲಿಲ್ಲ. ಫೆಬ್ರುವರಿಯಲ್ಲಿ ಮೂರನೆಯ ಸಲ ಸೋರಿತು.

ಆಗ ಗೌಡರ ತಾಳ್ಮೆ ಮುಗಿಯಿತು. ಒಂದು ಬೆಳಿಗ್ಗೆ ಸುಳ್ಯ ಸ್ಟ್ಯಾಂಡಿನಲ್ಲಿ ಪ್ರಯಾಣಿಕರು ಹತ್ತಿ ಕುಳಿತಿರುವಾಗಲೇ ಚಾಲಕನನ್ನು ಕೆಳಗಿಳಿಸಿದರು. "ನೀನು ಓಡಿಸುದಕ್ಕೆ ಎಸಿ ಅಲ್ಲ, ಬಸ್ಸೇ ಮುರಿದು ಬಿದ್ದೀತು" ಎಂದರಂತೆ. ಅವನನ್ನು ತಮ್ಮದೇ ಇನ್ನೊಂದು ಬಸ್ಸಿಗೆ, ಕಡಬದ ಒಳರಸ್ತೆಗಳಲ್ಲಿ ಓಡುವ ಹಳೆಯ ಬಸ್ಸಿಗೆ ಹಾಕಿದರು. ಕಂಪನಿಯವರು ಇದೇ ಕೊನೆಯ ಸಲ ಎಂದು ಹೇಳಿ ಹೊಸ ಕಾಯಿಲ್ ಕೊಟ್ಟರು. ಅದನ್ನು ಹಾಕಿದವನು ನಾನೇ. ಹಳೆಯದನ್ನು ಶೆಡ್ಡಿನ ಮೂಲೆಯಲ್ಲಿಟ್ಟುಕೊಂಡೆ, ಗುಜರಿಗೆ ಕೊಡಲು ಮನಸ್ಸಾಗಲಿಲ್ಲ.

ಹೊಸ ಕಾಯಿಲ್, ಹೊಸ ಚಾಲಕ. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು, ಮೇ ತಿಂಗಳ ಧಗೆಯಲ್ಲಿ ಕಂಪ್ರೆಸರ್ ಬಿಡುವಿಲ್ಲದೆ ದುಡಿಯಿತು. ಒಂದು ಹನಿ ಗ್ಯಾಸ್ ಸೋರಲಿಲ್ಲ. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಊರಿಡೀ ತೀರ್ಮಾನವಾಗಿ ಹೋಯಿತು. ಹಳೆಯ ಚಾಲಕ ಹೋಟೆಲಿಗೆ ಹೋದರೆ "ಎಸಿ ಒಡೆದವ ಬಂದ" ಎಂದು ತಮಾಷೆ. ಅವನ ಹಳೆಯ ಬಸ್ಸಿಗೆ ಹತ್ತುವವರೂ "ಸ್ವಲ್ಪ ಮೆಲ್ಲ ಮಾರಾಯ, ನಮಗೆ ವಾರಂಟಿ ಇಲ್ಲ" ಎನ್ನುತ್ತಿದ್ದರಂತೆ.

ಒಂದು ದಿನ ಅವನು ನನ್ನ ಶೆಡ್ಡಿಗೆ ಬಂದ. ಕೆಲಸವೇನೂ ಇರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದ:

"ನೀವು ನನ್ನ ಬಸ್ಸಿನಲ್ಲಿ ಎಷ್ಟು ಸಲ ಬಂದಿದ್ದೀರಿ. ನಾನು ಹಾಗೆ ಓಡಿಸ್ತೇನಾ?"

"ಇಲ್ಲ" ಎಂದೆ.

"ಮತ್ತೆ ಈಗ ಯಾಕೆ ಸೋರುದಿಲ್ಲ?"

"ಗೊತ್ತಿಲ್ಲ. ಆದ್ರೆ ನಿನ್ನ ಕಾಲಿನಿಂದ ಆದದ್ದಲ್ಲ ಅದು" ಎಂದೆ. ಅವನು ನಕ್ಕ. "ನೀವೊಬ್ರು ಹೇಳಿ ಎಂತ ಪ್ರಯೋಜನ. ಮನೆಯಲ್ಲಿ ಮಗಳು ಸಹ ಕೇಳ್ತಾಳೆ, ಅಪ್ಪ ನೀನು ಸ್ಪೀಡು ಹೋಗುದಾ ಅಂತ." ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಗರ್ಭಿಣಿಯರು ಈ ಚಾಲಕ ಇದ್ದಾನೋ ಎಂದು ಕೇಳಿಕೊಂಡು ಬಸ್ಸು ಹತ್ತುತ್ತಿದ್ದುದನ್ನು ನಾನೇ ನೋಡಿದ್ದೆ.

ಮಳೆಗಾಲ ಮುಗಿದು ಬಿಸಿಲು ಬಂತು. ಅಕ್ಟೋಬರಿನಲ್ಲಿ ಆ ಬಸ್ಸು ನನ್ನ ಶೆಡ್ಡಿನ ಮುಂದೆ ಬಂದು ನಿಂತಿತು. ಹೊಸ ಚಾಲಕನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ನೊರೆ ಹಚ್ಚಿ ನೋಡಿದರೆ ಕಾಯಿಲ್ ನಡುವೆ ಮತ್ತೆ ಅಂಥದೇ ಗುಳ್ಳೆ. ಮರುಗಳಿಗೆ ಗೌಡರ ಫೋನು. "ಇವನೂ ಅವನ ಹಾಗೇ. ಸಾಕು ಮಾರಾಯ. ಎಸಿ ಕಿತ್ತು ಹಾಕು. ಎಳೆಯುವ ಕಿಟಕಿ ಇಡಿಸುವಾ. ನಮ್ಮೂರಿಗೆ ಇದೆಲ್ಲ ಹೇಳಿದ್ದಲ್ಲ."

ನಾನು ಕೇಳಿದೆ: "ಗೌಡ್ರೆ, ಇಬ್ಬರು ಡ್ರೈವರು ಒಂದೇ ಕಡೆ ತೂತು ಮಾಡುದು ಹೇಗೆ?"

"ಅದು ನನಗೆ ಹೇಗೆ ಗೊತ್ತು? ನೀನಲ್ವಾ ಡಾಕ್ಟರು?"

ಆಗ ತೀರ್ಮಾನಿಸಿದೆ. ಕಾರಣ ಗೊತ್ತಾಗುವ ತನಕ ಈ ಕಾಯಿಲ್‌ಗೆ ಬೆಸುಗೆ ಹಾಕುವುದಿಲ್ಲ, ಕಿತ್ತು ಹಾಕುವುದೂ ಇಲ್ಲ. ಹೋದಷ್ಟು ಗ್ಯಾಸ್ ತುಂಬಿಸಿ, ಒಂದು ದಿನ ಪೂರ್ತಿ ಬಸ್ಸಿನ ಕೊನೆಯ ಸೀಟಿನಲ್ಲಿ ಕೂರುತ್ತೇನೆ ಎಂದೆ. "ಕೂತರೆ ಎಂತ ಕಾಣ್ತದೆ ನಿನಗೆ?" ಎಂದು ಗೌಡರು ಗೊಣಗಿದರು, ಆದರೆ ಬೇಡ ಎನ್ನಲಿಲ್ಲ. ಬಂದದ್ದು ಬರಲಿ ಎಂದು ನಾನು ಶೆಡ್ಡಿಗೆ ಬೀಗ ಹಾಕಿದೆ.

ಬಸ್ಸು ರಾತ್ರಿ ತಂಗುವುದು ಸುಳ್ಯದಾಚೆ ಗೌಡರ ಮನೆಯಂಗಳದಲ್ಲಿ. ಬೆಳಿಗ್ಗೆ ನಾನು ಅಲ್ಲಿಗೇ ಹೋದೆ. ಕಂಡಕ್ಟರು ಬಾಗಿಲು ತೆರೆದ, ನಾನು ಒಳಗೆ ಕಾಲಿಟ್ಟೆ. ಮೂಗಿಗೆ ಚುರುಕ್ಕೆಂದು ಏನೋ ಹೊಡೆಯಿತು. "ಎಂತ ವಾಸನೆ ಇದು?" ಎಂದರೆ, ಕಂಡಕ್ಟರು ಮೂಸಿ ನೋಡಿ, "ವಾಸನೆಯಾ? ರಬ್ಬರಿನದ್ದಲ್ವಾ" ಎಂದು ಕಸ ಗುಡಿಸತೊಡಗಿದ. ಸುಳ್ಯ, ಕಡಬದ ಕಡೆ ಮನೆಮನೆಯಲ್ಲೂ ರಬ್ಬರು. ರಬ್ಬರ್ ಮರದ ಹಾಲು ಹೆಪ್ಪುಗಟ್ಟಿಸಿದ ಹುಳಿ ವಾಸನೆ ಅವರ ಅಂಗಳದಲ್ಲಿ, ಬಟ್ಟೆಯಲ್ಲಿ, ಜೀಪಿನಲ್ಲಿ ಎಲ್ಲ ಕಡೆ ಇರುತ್ತದೆ. ಅವರಿಗೆ ಅದು ವಾಸನೆಯೇ ಅಲ್ಲ. ನಾನು ಬೆಟ್ಟಂಪಾಡಿಯವನು, ನಮ್ಮದು ಅಡಿಕೆ. ಹಾಗಾಗಿ ನನ್ನ ಮೂಗಿಗೆ ಅದು ಹೊಸದಾಗಿತ್ತು.

ದಾರಿಯುದ್ದಕ್ಕೂ ಮನೆ ಮನೆಯ ಗೇಟಿನಲ್ಲಿ ಬಸ್ಸು ನಿಂತಿತು. ನಮ್ಮ ಕಡೆ ಬಸ್ಸೆಂದರೆ ಜನ ಮಾತ್ರ ಹತ್ತುವುದಲ್ಲ. ಹಾಸ್ಟೆಲಿನ ಮಗಳಿಗೆ ಬುತ್ತಿ, ಮರೆತ ಕನ್ನಡಕ, ರಿಪೇರಿಗೆ ಹೋಗುವ ಮಿಕ್ಸಿ, ಎಲ್ಲ ಒಂಟಿಯಾಗಿಯೇ ಪ್ರಯಾಣ ಮಾಡುತ್ತವೆ. ಈ ಬಸ್ಸಿನಲ್ಲಿ ಅವುಗಳ ಜೊತೆ ರಬ್ಬರ್ ಶೀಟಿನ ಕಟ್ಟುಗಳು. ಮಡಚಿದ ಕಂಬಳಿಯಷ್ಟಿದ್ದ ಆ ಕಟ್ಟುಗಳನ್ನು ಕೊನೆಯ ಸೀಟಿನ ಹಿಂದಿನ ಸಂದಿಯಲ್ಲಿ ಪೇರಿಸುತ್ತಿದ್ದರು. ಪುತ್ತೂರಿನಲ್ಲಿ ಅಂಗಡಿಯವರು ಬಂದು ಇಳಿಸಿಕೊಳ್ಳುತ್ತಿದ್ದರು. ಆ ಸಂದಿಯ ನೇರ ಮೇಲೆ ಎಸಿಯ ಜಾಲರಿ. ಇಷ್ಟು ವರ್ಷದ ಅನುಭವದವನಾದ ನಾನು ಆ ಜಾಲರಿಯನ್ನು ಕಳಚಿದ್ದೆ, ತೊಳೆದಿದ್ದೆ. ಅದರ ಕೆಳಗೆ ಏನಿಡುತ್ತಾರೆ ಎಂದು ನೋಡಿರಲಿಲ್ಲ, ಏಕೆಂದರೆ ರಿಪೇರಿಗೆ ಬರುವಾಗ ಬಸ್ಸು ಖಾಲಿ, ಪ್ರಯಾಣಕ್ಕೆ ಹತ್ತಿದಾಗಲೆಲ್ಲ ನಾನು ಕೂತದ್ದು ಮುಂದಿನ ಸೀಟಿನಲ್ಲಿ.

ನನ್ನ ಪಕ್ಕದಲ್ಲಿ ಕುಳಿತಿದ್ದವರು ಪುತ್ತೂರಿನ ಆಸ್ಪತ್ರೆಯೊಂದರ ನರ್ಸಮ್ಮ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

"ಎಸಿ ಗಾಳಿ ಆಗುದಿಲ್ವಾ ನಿಮಗೆ?" ಎಂದು ಕೇಳಿದೆ.

"ಎಸಿ ಆಗ್ತದೆ. ಬೆಳಿಗ್ಗೆ ಮಾತ್ರ ಕಣ್ಣು ಉರಿಯುದು. ಸಂಜೆ ಇದೇ ಸೀಟಿನಲ್ಲಿ ಕೂತು ಹೋಗ್ತೇನೆ, ಎಂತದೂ ಇಲ್ಲ."

"ಯಾವಾಗಿನಿಂದ?"

"ಹೋದ ವರ್ಷ ಸಹ ಇತ್ತು. ಬೇಸಿಗೆಯಲ್ಲಿ ಇರ್ಲಿಲ್ಲ. ಈಗ ಪುನಃ ಶುರುವಾಗಿದೆ."

ಇಷ್ಟನ್ನೂ ಅವರು ಎಸಿಯ ಬಗ್ಗೆ ದೂರು ಎಂದು ಹೇಳಲಿಲ್ಲ, ಕೇಳಿದ್ದಕ್ಕೆ ಹೇಳಿದರು. ನನಗೆ ಮಾತ್ರ ಕುಳಿತಲ್ಲೇ ಬೆವರಿತು. ಸೋರಿಕೆ ಶುರುವಾದದ್ದು, ನಿಂತದ್ದು, ಮತ್ತೆ ಶುರುವಾದದ್ದು, ಎಲ್ಲ ಅವರ ಕಣ್ಣುರಿಯ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತಿತ್ತು. ಆದರೆ ಶೀಟುಗಳಿಂದಲೇ ಆದದ್ದಾದರೆ, ಒಂದೂ ಶೀಟು ಹತ್ತುವ ಮೊದಲೇ ಮುಂಜಾನೆ ಬಸ್ಸಿನಲ್ಲಿ ಆ ವಾಸನೆ ಯಾಕಿತ್ತು? ಇಷ್ಟಾದ ಮೇಲೆ ಇಳಿದು ಹೋಗಲು ಮನಸ್ಸಾಗಲಿಲ್ಲ. ಕಡಬಕ್ಕೂ ಹೋಗಿ ಬಂದೆ.

ಉತ್ತರ ಸಂಜೆ ಪುತ್ತೂರಿನಲ್ಲಿ ಹತ್ತಿತು. ಶೀಟು ಕೊಂಡ ಅಂಗಡಿಯವನು ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು ತಂದು ಕೊನೆಯ ಸೀಟಿನ ಹಿಂದೆ ತುರುಕಿದ. ಮುಚ್ಚಳ ಸರಿಯಾಗಿ ಕೂತಿರಲಿಲ್ಲ, ಎಷ್ಟು ತಿರುಗಿಸಿದರೂ ಜಾರುತ್ತಿತ್ತು.

"ಇದೆಂತ?"

"ಹಾಲು ಹೆಪ್ಪು ಮಾಡುವ ಆಸಿಡ್. ಫಾರ್ಮಿಕ್" ಎಂದ ಕಂಡಕ್ಟರು. "ನಮ್ಮ ಧನಿಗಳ, ಗೌಡರ ತೋಟಕ್ಕೆ. ರಾತ್ರಿ ಬಸ್ಸಿನಲ್ಲೇ ಇರ್ತದೆ. ಬೆಳಿಗ್ಗೆ ಬೇಗ ತೋಟದವ ಬಂದು ತೆಗೊಂಡು ಹೋಗ್ತಾನೆ. ಮರದಿಂದ ಹಾಲು ತೆಗೆಯುವ ಟ್ಯಾಪಿಂಗ್ ಇರುವಾಗ ಹೆಚ್ಚುಕಡಿಮೆ ದಿನಾ ಇದ್ದದ್ದೇ."

ನನ್ನ ತಲೆಯೊಳಗೆ ಒಂದೊಂದಾಗಿ ಎಲ್ಲವೂ ಕೂತುಕೊಂಡವು. ಸಂಜೆಯವರೆಗೆ ದುಡಿದ ಕಾಯಿಲ್ ನೀರಿಳಿದು ಒದ್ದೆಯಾಗಿರುತ್ತದೆ. ಸಂಜೆಯ ದಾರಿಯಲ್ಲಿ ಬಾಗಿಲು ತೆರೆದು ಮುಚ್ಚುವುದರಿಂದ ಆವಿ ಕಟ್ಟಿಕೊಳ್ಳುವುದಿಲ್ಲ, ರಾತ್ರಿ ಗಾಜು ಬಿಗಿದ ಬಸ್ಸಿಗೆ ಬೀಗ ಬೀಳುತ್ತದೆ. ಕ್ಯಾನಿನಿಂದೆದ್ದ ಆವಿಗೆ ಹೊರಗೆ ದಾರಿಯಿಲ್ಲ, ನೇರ ಮೇಲಿನ ಜಾಲರಿಯೊಳಗೆ ಹೋಗಿ ಒದ್ದೆ ತಾಮ್ರದ ಮೇಲೆ ರಾತ್ರಿಯಿಡೀ ಕೂರುತ್ತದೆ. ಸಾಲದ್ದಕ್ಕೆ ಹಗಲು ಶೀಟುಗಳ ಹುಳಿ. ಬೇಸಿಗೆಯಲ್ಲಿ ಸೋರದೆ ಇದ್ದದ್ದು ಹೊಸ ಚಾಲಕನ ಪುಣ್ಯದಿಂದಲ್ಲ. ಎಲೆ ಉದುರಿಸಿದ ರಬ್ಬರ್ ಮರಗಳಿಗೆ ಆಗ ಟ್ಯಾಪಿಂಗ್ ರಜೆ, ಕ್ಯಾನಿಗೂ ರಜೆ.

ಗೊತ್ತಾಯಿತು ಎಂದರೆ ಸಾಲದು, ತೋರಿಸಬೇಕು. ಮೊದಲು ಕ್ಯಾನನ್ನು ಬಸ್ಸಿನಿಂದ ಹೊರಗಿಡಿಸಿದೆ. ಮರುದಿನ ಶೆಡ್ಡಿನಲ್ಲಿ ಒಂದೇ ಕೊಳವೆಯಿಂದ ಎರಡು ತುಂಡು ಕತ್ತರಿಸಿ ಎರಡು ಮುಚ್ಚಳದ ಡಬ್ಬಿಗಳಲ್ಲಿ ನೇತುಹಾಕಿದೆ. ಎರಡರಲ್ಲೂ ಒದ್ದೆ ಹತ್ತಿ, ಒಂದರಲ್ಲಿ ಮಾತ್ರ ಚಮಚದಷ್ಟು ಆ ಆಸಿಡ್. ಮೂಲೆಯಲ್ಲಿಟ್ಟಿದ್ದ ಹಳೆಯ ಕಾಯಿಲ್‌ನಿಂದ ಒಂದು ಭಾಗ ಕೊಯ್ದು ಕಂಪನಿಯ ಎಂಜಿನಿಯರಿಗೆ ಕಳಿಸಿ, ಫೋನಿನಲ್ಲಿ ಎಲ್ಲ ಹೇಳಿದೆ. ಅವರು ಅರ್ಧದಲ್ಲಿ ತಡೆಯದೆ ಕೇಳಿಸಿಕೊಂಡರು.

ಕೆಲವು ದಿನಗಳಲ್ಲಿ ಒಂದು ತುಂಡು ಹಾಗೇ ಹೊಳೆಯುತ್ತಿತ್ತು. ಇನ್ನೊಂದು ಕಪ್ಪಾಗಿ, ಅಲ್ಲಲ್ಲಿ ಹಸಿರು ಚುಕ್ಕಿ ಹಿಡಿದಿತ್ತು. ಅಷ್ಟರಲ್ಲಿ ಎಂಜಿನಿಯರು ಕರೆ ಮಾಡಿದರು. "ಸರ್, ಮೈಕ್ರೋಸ್ಕೋಪಲ್ಲಿ ನೋಡಿದ್ವಿ. ತಾಮ್ರದೊಳಗೆ ಪೂರ್ತಿ ಸುರಂಗ, ಇರುವೆ ಗೂಡಿನ ಥರ. ಇದು ಆಸಿಡ್ ತಿಂದಿರೋದೇ. ನಾನು ಡ್ರೈವರ್ ಅಂದಿದ್ದು ತಪ್ಪಾಯ್ತು. ಅವರಿಗೆ ಹೇಳ್ಬಿಡಿ." ಲೇಪನ ಹಚ್ಚಿದ ಹೊಸ ಕಾಯಿಲ್ ಕಳಿಸಲು ತಾವೇ ಕಂಪನಿಯನ್ನು ಒಪ್ಪಿಸುವುದಾಗಿಯೂ ಹೇಳಿದರು. ಅವರ ಮೇಲಿನ ನನ್ನ ಗೌರವ ಹೆಚ್ಚಾಯಿತು.

ಎರಡು ತುಂಡುಗಳನ್ನು ಕಿಸೆಯಲ್ಲಿಟ್ಟುಕೊಂಡು ಗೌಡರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕುಳಿತಿದ್ದರು. ತುಂಡುಗಳನ್ನು ಮುಂದಿಟ್ಟು, ಬೆಳಗಿನ ವಾಸನೆಯಿಂದ ಹಿಡಿದು ಬೆಂಗಳೂರಿನ ಫೋನಿನವರೆಗೆ ಎಲ್ಲ ಹೇಳಿದೆ. ಗೌಡರು ಕಪ್ಪು ತುಂಡನ್ನು ಉಗುರಿನಿಂದ ಕೆರೆದು ನೋಡಿ ನಕ್ಕರು.

"ನನ್ನ ರಬ್ಬರು ನನ್ನ ಬಸ್ಸನ್ನೇ ತಿಂತದಾ?"

"ತಿಂದಾಗಿದೆ ಗೌಡ್ರೆ."

"ಸರಿ. ಇನ್ನು ಕ್ಯಾನು ಬಸ್ಸಿಗೆ ಬೇಡ. ಹೊಸ ಕಾಯಿಲ್ ಯಾವಾಗ ಹಾಕ್ತಿ?"

ಅಲ್ಲಿಗೆ ಮುಗಿಯಿತು ಎಂಬ ಧಾಟಿ ಅದು. ನನಗೆ ಸಿಟ್ಟು ಬಂತು. "ಹಾಕುದಿಲ್ಲ. ಮೊದಲಿನ ಡ್ರೈವರು ಆ ಸೀಟಿಗೆ ಬರುವ ತನಕ ನಾನು ಸ್ಪ್ಯಾನರು ಮುಟ್ಟುದಿಲ್ಲ" ಎಂದೆ.

"ಅದು ನಿನ್ನ ಕೆಲಸ ಅಲ್ಲ ಮಾರಾಯ."

"ಕಾರಣ ಹುಡುಕುದು ನನ್ನ ಕೆಲಸ. ಕಾರಣ ಅವ ಅಲ್ಲ ಅಂತ ಸಿಕ್ಕಿದೆ. ಅದನ್ನು ಹಾಗೇ ಬಿಟ್ಟು ಹೋದ್ರೆ ನನ್ನ ರಿಪೇರಿ ಅರ್ಧವೇ ಆದದ್ದು."

ಗೌಡರು ಕಪ್ಪು ತುಂಡನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು. ಒಳಗಿನಿಂದ ಬಂದ ಕಾಫಿ ತಣ್ಣಗಾಯಿತು. ಕೊನೆಗೆ, "ಹಾಗಾದ್ರೆ ನೀನೇ ಹೋಗಿ ಅವನನ್ನು ಕರಿ" ಎಂದರು. ಇಳಿಸಿದವನು ನಾನಲ್ಲ ಎಂದೆ. ಎರಡು ದಿನದ ಮೇಲೆ ಗೌಡರು, ಕಡಬಕ್ಕೆ ಹೋಗಿ ಬಂದೆ ಎಂದು ತಾವೇ ಫೋನು ಮಾಡಿದರು. ದನಿ ಮೆತ್ತಗಾಗಿತ್ತು.

"ಬರ್ತಾನಂತೆ. ಆದ್ರೆ ಎರಡು ಹೇಳಿದ. ಜನ ಗೇಟಿನಲ್ಲಿ ಶೀಟು ಹಿಡ್ಕೊಂಡು ನಿಂತ್ರೆ ಇಲ್ಲ ಅನ್ಲಿಕ್ಕೆ ಅವನಿಂದ ಆಗುದಿಲ್ಲಂತೆ, ಅದಕ್ಕೆ ಬೇರೆ ಜಾಗ ಮಾಡಿ ಕೊಡಬೇಕಂತೆ."

"ಇನ್ನೊಂದು?"

"ಅದು ನನ್ನ ಹತ್ರ ಹೇಳಿದ್ದು. ಬಿಡು."

ಮೊದಲನೆಯದು ಸುಲಭ. ಕುಂಬ್ರದಲ್ಲಿ ವೆಲ್ಡಿಂಗ್ ಮಾಡುವವರಿಂದ ಬಸ್ಸಿನ ಹಿಂಬದಿಯ ಹೊರಗೆ, ಒಳಗಿನ ಗಾಳಿಗೆ ಸಂಬಂಧವೇ ಇಲ್ಲದ ಹಾಗೆ, ಗಾಳಿಕಿಂಡಿ ಇರುವ ಒಂದು ಪೆಟ್ಟಿಗೆ ಮಾಡಿಸಿದೆವು. ಇನ್ನು ಶೀಟುಗಳಿಗೆ ಅದೇ ಜಾಗ. ಆಸಿಡ್ ಮಾತ್ರ ಅದಕ್ಕೂ ಇಲ್ಲ, ಅದು ಗೌಡರ ಪಿಕಪ್ಪಿನಲ್ಲೇ ಹೋಗಬೇಕೆಂದಾಯಿತು. ಸೀಟಿನ ಹಿಂದಿನ ಸಂದಿಗೆ ತಗಡು ಬಡಿದು ಮುಚ್ಚಿದೆ. ಎಸಿ ಪೆಟ್ಟಿಗೆಯನ್ನೂ ನಾಳಗಳನ್ನೂ ತೊಳೆದು ಒಣಗಿಸಿದೆ. ಲೇಪನದ ಕಾಯಿಲ್ ಬಂದ ಮೇಲೆ ಕೂರಿಸಿ, ಒತ್ತಡದಲ್ಲಿ ಒಂದು ದಿನವಿಡೀ ಬಿಟ್ಟು ನೋಡಿದೆ. ಗೇಜಿನ ಮುಳ್ಳು ಕದಲಲಿಲ್ಲ. ಆ ಕೆಲಸ ಇವತ್ತಿಗೂ ನನಗೆ ಹೆಮ್ಮೆ. ಮುಂದಿನ ಟ್ಯಾಪಿಂಗ್ ಕಾಲ ಪೂರ್ತಿ ಕಳೆದರೂ ಅದು ಸೋರಲಿಲ್ಲ.

ಹೊಸ ಕಾಯಿಲ್ ಹಾಕಿದ ಮೊದಲ ಬೆಳಿಗ್ಗೆ ತಂಪು ಹೇಗಿದೆಯೆಂದು ನೋಡಲು ಸುಳ್ಯ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಹಳೆಯ ಚಾಲಕ ಸೀಟಿನಲ್ಲಿ ಕುಳಿತಿದ್ದ. ಯಾರ ಮುಖವನ್ನೂ ನೋಡದೆ ಕನ್ನಡಿ ಸರಿಮಾಡುತ್ತಿದ್ದ. "ಓ, ಇವನೇ ಬಂದನಾ? ಎಸಿಗೆ ಇನ್ನು ದೇವರೇ ಗತಿ" ಎಂದು ನಡುವಿನ ಸೀಟಿನಿಂದ ಯಾರೋ ಹೇಳಿದರು. ನಾಲ್ಕು ಜನ ನಕ್ಕರು.

ಆಗ ಗೌಡರು ಬಸ್ಸು ಹತ್ತಿದರು. ಬಿಳಿ ಅಂಗಿ, ಬಿಳಿ ಪಂಚೆ, ಮದುವೆಗೆ ಹೊರಟ ಹಾಗೆ. ಮೆಟ್ಟಿಲ ಬಳಿಯ ಕಂಬ ಹಿಡಿದು ನಿಂತು ಒಂದು ಸಲ ಕೆಮ್ಮಿದರು.

"ಎಲ್ಲರೂ ಕೇಳಿ. ಫೆಬ್ರುವರಿಯಲ್ಲಿ ನಾನು ಇವನನ್ನು ನಿಮ್ಮೆಲ್ಲರ ಎದುರು ಇಳಿಸಿದ್ದೆ. ಎಸಿ ಹಾಳು ಮಾಡಿದ್ದು ಇವ ಅಲ್ಲ. ನನ್ನ ತೋಟಕ್ಕೆ ತರುವ ಆಸಿಡ್ ಕ್ಯಾನು. ಅದನ್ನು ಇಲ್ಲಿ ಇಡ್ಲಿಕ್ಕೆ ಹೇಳಿದವ ನಾನೇ. ಅವನನ್ನು ಏನಾದ್ರೂ ಅಂದವರು ಇದ್ರೆ, ಇನ್ನು ನನಗೆ ಅನ್ನಿ."

ಚಾಲಕ ಹೇಳಿದ ಎರಡನೆಯ ಮಾತು ಯಾವುದೆಂದು ನನಗೆ ಆಗ ತಿಳಿಯಿತು. ನರ್ಸಮ್ಮ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು, ಈ ಸಲ ಉರಿಯಿಂದಲ್ಲ. ಗೌಡರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿತ್ತು, ಎಸಿ ಚೆನ್ನಾಗಿಯೇ ಓಡುತ್ತಿದ್ದರೂ. ಅವರು ಇನ್ನೂ ಏನೋ ಹೇಳಲು ಬಾಯಿ ತೆರೆದರು.

ಚಾಲಕ ಗೇರಿನ ಮೇಲೆ ಕೈಯಿಟ್ಟು, ಮುಂದಿನ ರಸ್ತೆಯನ್ನೇ ನೋಡುತ್ತ ಹೇಳಿದ:

"ಸಾಕು ಧನಿಗಳೆ, ಟೈಮಾಯ್ತು. ಇಳೀತೀರಾ, ಬರ್ತೀರಾ?"

ಗೌಡರು ಬಂದು ನನ್ನ ಪಕ್ಕದಲ್ಲಿ ಕುಳಿತರು. ಬಸ್ಸು ಹೊರಟದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆಲ್ಲಗೆ ಹೊರಡಿಸಿದ.